ಭಾಷಣಕಾರ ಸತ್ತ ಮೇಲೆ ಶುರುವಾದ ಜಗಳ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಆತನಿಗೆ ಕೆಲಸ. ವಯಸ್ಸು ಮೂವತ್ತರೊಳಗೆ. ಭಾನುವಾರ ಚರ್ಚಿನಲ್ಲಿ ಯೌವನಸ್ಥರ ಕೂಟ ನಡೆಸುತ್ತಾನೆ. ನಿದ್ದೆ ಬರ್ತಿಲ್ಲ, ಅಪ್ಪನ ಜೊತೆ ಮಾತೇ ನಿಂತುಹೋಗಿದೆ ಎಂದು ಸಲಹೆ ಕೇಳಲು ನನ್ನ ಹತ್ತಿರ ಬಂದ. ಆಸ್ತಿ ಜಗಳವೋ ಮದುವೆ ವಿಷಯವೋ ಇರಬೇಕು ಅಂದುಕೊಂಡೆ. ಆದರೆ ಆತ ಹೇಳಿದ್ದು ರವಿ ಜಕರಾಯಸ್ ಎಂಬ ಹೆಸರು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಜಕರಾಯಸ್ 1946ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. ಹೊರದೇಶಕ್ಕೆ ಹೋಗಿ, ಕ್ರೈಸ್ತ ನಂಬಿಕೆಯನ್ನು ತರ್ಕದಿಂದ ಸಮರ್ಥಿಸುವ ಭಾಷಣಗಳಿಂದ ದೊಡ್ಡ ಹೆಸರು ಮಾಡಿದರು. ಇಲ್ಲಿಯ ಎಷ್ಟೋ ಕ್ರೈಸ್ತ ಮನೆಗಳಲ್ಲಿ 'ನಮ್ಮ ದೇಶದವರು' ಎಂಬ ಹೆಮ್ಮೆ ಇತ್ತು. 2020ರ ಮೇ ತಿಂಗಳಲ್ಲಿ ತೀರಿಕೊಂಡರು. 2021ರ ಫೆಬ್ರವರಿಯಲ್ಲಿ, ಅವರದೇ ಸಂಸ್ಥೆ ನೇಮಿಸಿದ್ದ ವಕೀಲರ ತನಿಖಾ ವರದಿ ಹೊರಬಂತು. ಮಸಾಜ್ ಕೆಲಸದ ಹಲವು ಹೆಂಗಸರ ಜೊತೆ ಅವರು ವರ್ಷಗಟ್ಟಲೆ ಲೈಂಗಿಕವಾಗಿ ಕೆಟ್ಟದಾಗಿ ನಡೆದುಕೊಂಡಿದ್ದರು ಎಂದು ಅದರಲ್ಲಿತ್ತು. ಸಂಸ್ಥೆ ಅದನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಪ್ರಕಾಶಕರು ಅವರ ಪುಸ್ತಕ ಮಾರುವುದನ್ನೇ ನಿಲ್ಲಿಸಿದರು.

ಈ ಹುಡುಗ ಕಾಲೇಜಿನಿಂದಲೂ ಅವರ ವಿಡಿಯೊ ನೋಡಿ ನೋಟ್ಸ್ ಬರೆದುಕೊಂಡವನು. ಕೂಟದಲ್ಲಿ ಹೇಳಿಕೊಟ್ಟಿದ್ದರಲ್ಲಿ ಅರ್ಧ ಅದೇ. ಸುದ್ದಿ ಕಿವಿಗೆ ಬಿದ್ದಾಗ ಗಾಳಿಮಾತು ಎಂದು ಸುಮ್ಮನಿದ್ದ. ಒಂದು ದಿನ ಕ್ಯಾಂಟೀನಿನಲ್ಲಿ ಜೊತೆಗಾರನೊಬ್ಬ ಮೊಬೈಲ್ ಮುಂದೆ ಹಿಡಿದು, "ಏನಪಾ, ನಿಮ್ಮಾವ್ರೂ ಹಿಂಗ ಏನು?" ಎಂದ. ಇವನಿಗೆ ಸಿಟ್ಟು ಬಂತು. ಬೇರೆ ಧರ್ಮದ ಗುರುಗಳ ಮೇಲಿದ್ದ ಕೇಸುಗಳನ್ನೆಲ್ಲ ಒಂದೊಂದಾಗಿ ಎಣಿಸಿ ಹೇಳಿದ. ಡಬ್ಬಿ ಅರ್ಧಕ್ಕೇ ಮುಚ್ಚಿ ಎಲ್ಲರೂ ಎದ್ದುಹೋದರು. ರಾತ್ರಿ ಅಪ್ಪನಿಗೆ ಹೇಳಿದರೆ, "ದೇವರ ಅಭಿಷಿಕ್ತನ ಮ್ಯಾಲೆ ಬಾಯಿ ಬಿಡಬ್ಯಾಡ. ಸತ್ತಾವ ಎದ್ದು ಬಂದು ಉತ್ತರಾ ಕೊಡ್ತಾನೇನು?" ಎಂದು ಬೈಗುಳ. (ಅಭಿಷಿಕ್ತ ಎಂದರೆ ದೇವರು ತನ್ನ ಕೆಲಸಕ್ಕೆ ಆರಿಸಿದವನು.)

ಆತ ಕೇಳಿದ ಮೊದಲ ಪ್ರಶ್ನೆ: "ಮೇಡಂ, ನಾನು ಅವರನ್ನ ಕ್ಷಮಿಸಬೇಕಾ?"

ನಿನಗಾದ ಮೋಸವನ್ನು ನೀನು ಕ್ಷಮಿಸಬಹುದು, ಆ ಹೆಂಗಸರಿಗೆ ಆದದ್ದನ್ನು ಕ್ಷಮಿಸುವ ಹಕ್ಕು ನಿನಗಿಲ್ಲ ಎಂದೆ. ಸ್ವಲ್ಪ ಹೊತ್ತು ಆತ ಮಾತಾಡಲಿಲ್ಲ. ನಮ್ಮ ಚರ್ಚು ಸಭೆಗಳಲ್ಲಿ ಕ್ಷಮೆಯನ್ನು ಬಹಳ ಬೇಗ ಹಂಚಿಬಿಡುತ್ತಾರೆ, ಅದೂ ಬೇರೆಯವರ ಪರವಾಗಿ. (ಮಠಗಳ ಭಕ್ತರಲ್ಲೂ ಇದನ್ನೇ ಕಂಡಿದ್ದೇನೆ.) ಒಬ್ಬರು ದೊಡ್ಡ ಮನುಷ್ಯನನ್ನು ಸಮರ್ಥಿಸುತ್ತಾರೆ, ಇನ್ನೊಬ್ಬರು ಅವನ ಫೋಟೊ ಕಿತ್ತು ಒಗೆಯುತ್ತಾರೆ. ಎರಡರಲ್ಲೂ ಮಾತು ಅವನ ಸುತ್ತಲೇ. ನೋವುಂಡವರ ಬಗ್ಗೆ ಯಾರೂ ಕೇಳುವುದಿಲ್ಲ. ಹುಡುಗನನ್ನೇ ಕೇಳಿದೆ, ಇಷ್ಟು ದಿನದಲ್ಲಿ ಆ ಹೆಂಗಸರಿಗಾಗಿ ಒಂದು ಸಲವಾದರೂ ಪ್ರಾರ್ಥನೆ ಮಾಡಿದ್ದೀಯಾ? ಇಲ್ಲ ಎಂದ.

ಎರಡನೆಯ ಪ್ರಶ್ನೆ ಅವನನ್ನು ಜಾಸ್ತಿ ತಿನ್ನುತ್ತಿತ್ತು. ಹಾಗಾದರೆ ನಾನು ಕಲಿಸಿದ್ದೆಲ್ಲ ಸುಳ್ಳಾ? ಇದು ಹಳೇ ತಕರಾರು. 303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರನ್ನು ಹಿಂಸಿಸಲು ಶುರುಮಾಡಿದಾಗ ಕೆಲವು ಬಿಷಪ್ಪರು ಹೆದರಿ ಪವಿತ್ರ ಗ್ರಂಥಗಳನ್ನೇ ಒಪ್ಪಿಸಿಬಿಟ್ಟರು. ಅಂಥವರು ಕೊಟ್ಟ ದೀಕ್ಷಾಸ್ನಾನದಂಥ ಸಂಸ್ಕಾರ ಸಲ್ಲುವುದಿಲ್ಲ ಎಂದು ಉತ್ತರ ಆಫ್ರಿಕದ ದೊನಾತಿಸ್ಟರು ಎಂಬ ಕ್ರೈಸ್ತರು ಬೇರೆಯಾದರು. ಕೊಡುವವನ ಕೈ ಕೊಳಕಾದರೂ ಕೊಟ್ಟದ್ದು ಕ್ರಿಸ್ತನದು ಎಂದು ಬಿಷಪ್ ಅಗಸ್ಟೀನ ವಾದಿಸಿದ, ಕ್ರೈಸ್ತ ಸಭೆ ಅದನ್ನೇ ಒಪ್ಪಿತು. ನಿನ್ನ ನೋಟ್ಸಿನಲ್ಲಿ ಸರಿ ಇರುವುದು ಸರಿಯೇ, ಆದರೆ ಇನ್ನು ಮುಂದೆ ಆ ಹೆಸರು ಹೇಳಿ ಕಲಿಸಬೇಡ ಎಂದೆ. ಸ್ವಲ್ಪ ಹಗುರಾದ.

ಮುಂದಿನ ಸಲ ಅಪ್ಪನನ್ನೂ ಕರೆತಂದ. ರಿಟೈರ್ ಆದವರು, ಬಿಳಿ ಅಂಗಿ, ಕಂಕುಳಲ್ಲಿ ಸತ್ಯವೇದ (ಬೈಬಲ್). ಕೂರುವ ಮೊದಲೇ ವಾದ ಶುರು. ಅಭಿಷಿಕ್ತನನ್ನು ಮುಟ್ಟಬಾರದು ಎಂದು ದಾವೀದ ತನ್ನ ಬೆನ್ನಟ್ಟಿದ ರಾಜ ಸೌಲನನ್ನು ಕೊಲ್ಲದೆ ಬಿಟ್ಟನಲ್ವಾ ಎಂದರು. ನಿಜ, ಕೊಲ್ಲಲಿಲ್ಲ. ಆದರೆ ಅದೇ 1 ಸಮುವೇಲ 24ರಲ್ಲಿ ಗುಹೆಯಿಂದ ಹೊರಗೆ ಬಂದು, ಸೌಲ ತನಗೆ ಮಾಡಿದ ಅನ್ಯಾಯವನ್ನು ಕೂಗಿ ಹೇಳಿದ. ಸುಳ್ಳು ಆರೋಪ ಇದ್ದರೋ ಎಂದರು. ಅದಕ್ಕೂ 1 ತಿಮೊಥೆ 5ರಲ್ಲಿ ದಾರಿ ಇದೆ. ಹಿರಿಯರ ಮೇಲಿನ ದೂರಿಗೆ ಎರಡು ಮೂರು ಸಾಕ್ಷಿ ಬೇಕು, ತಪ್ಪು ನಿಜವಾದರೆ ಎಲ್ಲರ ಎದುರಿಗೇ ಗದರಿಸಬೇಕು. ಇಲ್ಲಿ ಸಾಕ್ಷಿಗೆ ಕೊರತೆ ಇರಲಿಲ್ಲ.

"ದಾವೀದಗ ಕ್ಷಮಾ ಸಿಗಲಿಲ್ಲೇನ್ರೀ?"

ಸಿಕ್ಕಿತು. ದಾವೀದ ಊರೀಯನ ಹೆಂಡತಿಯನ್ನು ಕೂಡಿ, ಊರೀಯನನ್ನು ಕೊಲ್ಲಿಸಿದ್ದ; ಪ್ರವಾದಿ ನಾತಾನ ಅದನ್ನು ಎದುರು ನಿಂತು ಹೇಳಿದಾಗ ಪಾಪ ಮಾಡಿದ್ದೇನೆ ಎಂದು ಒಪ್ಪಿಕೊಂಡ. ಜಕರಾಯಸ್ ಮೇಲೆ 2017ರಲ್ಲೇ ದೂರು ಬಂದಾಗ ಅವರು ನಿರಾಕರಿಸಿದರು, ಒಪ್ಪಿಕೊಳ್ಳದೇ ಸತ್ತರು. ಯಜಮಾನರೇ, ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿರುವ ಯೇಸುವಿನ ವಂಶಾವಳಿ ಹೇಳಿ ನೋಡೋಣ ಎಂದೆ. ಪುಸ್ತಕ ತೆರೆಯದೆ ಅಬ್ರಹಾಮನಿಂದ ಹಿಡಿದು ಗಡಗಡ ಹೇಳಿಕೊಂಡು ಬಂದರು. ದಾವೀದನ ಮಗ ಸೊಲೊಮೋನನ ಹತ್ತಿರ ನಿಂತರು. ಅಲ್ಲಿ ತಾಯಿಯ ಹೆಸರಿಲ್ಲ, ಊರೀಯನ ಹೆಂಡತಿ ಎಂದಿದೆ. ದಾವೀದನಿಗೆ ಕ್ಷಮೆ ಸಿಕ್ಕಿ ಎಷ್ಟೋ ತಲೆಮಾರು ಕಳೆದರೂ, ಯೇಸುವಿನ ವಂಶಾವಳಿಯಲ್ಲೇ ಊರೀಯನ ಹೆಸರು ಉಳಿದಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಆದ್ರೂ ಜಕರಾಯಸ್ ಅವ್ರ ಪುಸ್ತಕ ನಾ ಒಗಿಯೂದಿಲ್ಲ" ಎಂದರು. ಮನೆಯಲ್ಲಿ ಇಟ್ಟುಕೊಳ್ಳಿ, ಚರ್ಚಿನ ಕಪಾಟಿನಿಂದ ಮಕ್ಕಳಿಗೆ ಕೊಡಬೇಡಿ ಎಂದೆ. ಅಷ್ಟಕ್ಕೆ ಒಪ್ಪಿದರು.

ಹುಡುಗನಿಗೆ ಕೊಟ್ಟ ಸಲಹೆ ಸರಳ. ಕ್ಯಾಂಟೀನಿನಲ್ಲಿ ಮತ್ತೆ ಮಾತು ಬಂದರೆ "ಹೌದು, ತಪ್ಪು ಮಾಡಿದ್ದಾರೆ" ಎಂದು ಹೇಳಿ ಊಟ ಮುಂದುವರಿಸು, ಇನ್ನೊಂದು ಧರ್ಮದವರ ಪಟ್ಟಿ ಬೇಡ. ಕೂಟದಲ್ಲಿ ವಿಷಯ ಮುಚ್ಚಿಡಬೇಡ. ಆದರೆ ಮಾತಾಡುವ ಮೊದಲು ಒಂದು ತಯಾರಿ ಬೇಕು. ಇಂಥ ಮಾತು ಎತ್ತಿದಾಗ ಯಾವುದೋ ಮಗು ಹತ್ತಿರ ಬಂದು 'ನನಗೂ ಹೀಗಾಗಿದೆ' ಎನ್ನಬಹುದು. ಹದಿನೆಂಟರೊಳಗಿನವರಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆ ಪ್ರಕಾರ ಕಡ್ಡಾಯ. ಸಭೆಯ ಹಿರಿಯರು ಒಳಗೊಳಗೇ ಪಂಚಾಯ್ತಿ ಮಾಡುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಎಂದು ಕೂಟದ ಗೋಡೆಗೆ ಬರೆಸು ಎಂದೆ. ಬರೆಸಿದ್ದಾನೆ.

ಇನ್ನೊಂದು ಮಾತೂ ಹೇಳಿದ್ದೆ. ಯಾರೇ ಆಗಲಿ, ಪಾಸ್ಟರೇ ಆಗಲಿ, ಬಾಗಿಲು ಹಾಕಿಕೊಂಡು ಒಬ್ಬರನ್ನೇ ಕೂರಿಸಿಕೊಂಡು ಪ್ರಾರ್ಥನೆ ಮಾಡಬಾರದು ಎಂಬ ನಿಯಮ ಸಭೆಯಲ್ಲಿ ಇರಲಿ ಎಂದು. ಕಮಿಟಿ ಇನ್ನೂ ಒಪ್ಪಿಲ್ಲ, ಮುಂದಿನ ಮೀಟಿಂಗಿನಲ್ಲಿ ಮತ್ತೆ ಇಡುತ್ತಾನಂತೆ. ಅಪ್ಪನೂ ಆ ಕಮಿಟಿಯಲ್ಲಿದ್ದಾರೆ.