ಮಟನ್ ಜೊತೆ ಹಸಿ ಮೆಂತೆ ಪಚಡಿ, ಹಕ್ಕರಕಿ: ಅಕ್ಕಲಕೋಟೆ ಕಡೆಯ ರೀತಿ

ನೀವು ಕೇಳಿದ್ದು ಇಷ್ಟು: ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆ ಮಟನ್ ಊಟದ ಜೊತೆ ಹಸಿ ಮೆಂತೆ ಪಚಡಿ, ಹಕ್ಕರಕಿ ಎಂಬ ಹೊಲದ ಕಹಿ ಸೊಪ್ಪು ಕೊಡುತ್ತಾರೆ. ಅದನ್ನೇ ಬೆಂಗಳೂರಿನ ಮನೆಯಲ್ಲಿ ಮಾಡಿದರೆ ಮಟನ್ ಅಗಿಯಲು ಬರುವುದಿಲ್ಲ, ಪಚಡಿ ನೀರು ಬಿಡುತ್ತದೆ, ಕಹಿ ಅಂತೂ ತಡೆಯಲಾಗುವುದಿಲ್ಲ. ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸಿ ಹಿಂಡಿದರೂ ಕಹಿ ಹೋಗಿಲ್ಲ. ಏನು ತಪ್ಪು?

ಸೊಪ್ಪು ಹಿಂಡಿದ್ದು ಒಂದು ತಪ್ಪು. ಇನ್ನೊಂದು ನಿಮ್ಮ ಪ್ರಶ್ನೆಯಲ್ಲೇ ಇದೆ: ಕೊಬ್ಬರಿಯನ್ನು "ಕಪ್ಪಗಾಗುವ ತನಕ ಹುರಿದೆ" ಎಂದು ಬರೆದಿದ್ದೀರಿ. ಈ ಊಟದಲ್ಲಿ ಕಹಿ ಬರಬೇಕಾದ ಜಾಗ ಒಂದೇ, ಹಸಿ ಎಲೆ. ಮಟನ್ ಮಸಾಲೆಯಲ್ಲೂ ಹೊತ್ತಿದ ಕಹಿ ಸೇರಿದರೆ ನಾಲಿಗೆಗೆ ಯಾವ ಕಹಿ ಎಲ್ಲಿಂದ ಬಂತು ತಿಳಿಯುವುದಿಲ್ಲ, ಬೈಗುಳ ಮಾತ್ರ ಪಾಪದ ಮೆಂತೆಗೆ. ಹಾಗಾಗಿ ಮೊದಲು ಮಟನ್ ಸರಿಮಾಡೋಣ.

ಮಟನ್ 1 ಕಿಲೋ ತರುವಾಗ ಬರೀ ತೊಡೆಯ ಮೆತ್ತನೆ ತುಂಡು ಬೇಡ. ಅರ್ಧದಷ್ಟು ಮುಂಗಾಲು, ಹೆಗಲು. ಉಳಿದದ್ದರಲ್ಲಿ ಪಕ್ಕೆಲುಬು, ಒಂದೆರಡು ನಲ್ಲಿ, ಅಂದರೆ ಮಜ್ಜೆಯ ಎಲುಬು. ಜೊತೆಗೆ 75ರಿಂದ 100 ಗ್ರಾಂ ಚರಬಿ (ಕೊಬ್ಬು) ಕೇಳಿ ಹಾಕಿಸಿಕೊಳ್ಳಿ. ಚರಬಿ ಇಲ್ಲದ ಮಟನ್ನಿಗೆ ಕಹಿ ಸೊಪ್ಪು ಜೋಡಿಯಾಗುವುದಿಲ್ಲ: ಎಲೆಯ ಕಹಿಯನ್ನು ಬಾಯಲ್ಲಿ ಮೆತ್ತಗೆ ಮಾಡುವುದು ಮಾಂಸದ ಕೊಬ್ಬು ಮತ್ತು ಉಪ್ಪು, ಆ ಕೊಬ್ಬಿನ ಜಿಡ್ಡನ್ನು ಕತ್ತರಿಸುವುದು ಎಲೆ. ನಮ್ಮ ಕಡೆ ಸಿಗುವುದು ಹೆಚ್ಚಾಗಿ ಉಸ್ಮಾನಾಬಾದಿ ಆಡು. ಜತ್ ತಾಲೂಕಿನಲ್ಲಾದರೆ ಮಾಡಗ್ಯಾಳ ಕುರಿ. ನಿಮ್ಮಲ್ಲಿ ಯಾವುದು ಸಿಕ್ಕರೂ ನಡೆಯುತ್ತದೆ, ಎಳೆಯದೋ ಬಲಿತದ್ದೋ ಎಂದು ಮಾತ್ರ ಕೇಳಿ ತನ್ನಿ. ಬೇಯುವ ಹೊತ್ತು ಅದರ ಮೇಲೆ ಇದೆ.

ರವಿವಾರ ಬೆಳಿಗ್ಗೆ ಕಡಿದದ್ದನ್ನು ತಂದು ಮಧ್ಯಾಹ್ನ ಒಲೆಗೆ ಏರಿಸುವವರಿಗೆ ಒಂದು ಮಾತು. ಕಡಿದ ಕೆಲವು ತಾಸಿನಲ್ಲಿ ಮಾಂಸ ಬಿಗಿಯುತ್ತದೆ. ಆ ಬಿಗಿ ಇರುವಾಗ ಬೇಯಿಸಿದರೆ ಎಷ್ಟು ಸೀಟಿ ಹೊಡೆಸಿದರೂ ಗಟ್ಟಿ. ತಂದ ಕೂಡಲೇ ಬೇಯಿಸಿ, ಇಲ್ಲವೇ ಮುಚ್ಚಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ಮರುದಿನ ಮಾಡಿ. ಎರಡನೆಯದೇ ನನಗೆ ವಾಸಿ ಅನಿಸುತ್ತದೆ.

ಮೊದಲ ಹಂತ ಅಳಣಿ, ಅಂದರೆ ಖಾರ ಹಾಕದೆ ಬೇಯಿಸುವುದು. 10 ಎಸಳು ಬಳ್ಳೊಳ್ಳಿ, ಒಂದು ಇಂಚು ಹಸಿಶುಂಠಿ, ಒಂದು ಹಿಡಿ ಕೊತಂಬರಿ ನುಣ್ಣಗೆ ಅರೆಯಿರಿ. ದಪ್ಪ ತಳದ ಬೋಗುಣಿಯಲ್ಲಿ 2 ಚಮಚ ಎಣ್ಣೆ, ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಅದು ಮೆತ್ತಗಾದ ಮೇಲೆ ಮಟನ್, ಚರಬಿ, ಅರೆದದ್ದು, ಅರ್ಧ ಸಣ್ಣ ಚಮಚ ಅರಿಷಿಣ, ಒಂದೂವರೆ ಸಣ್ಣ ಚಮಚ ಉಪ್ಪು. ನೀರು ಹಾಕಬೇಡಿ. ಮಾಂಸ ತಾನೇ ನೀರು ಬಿಡುತ್ತದೆ. ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತ ಆ ನೀರು ಪೂರ್ತಿ ಇಂಗಿ ಎಣ್ಣೆ ಚಟಪಟ ಅನ್ನುವ ತನಕ ಹುರಿಯಿರಿ, 10ರಿಂದ 12 ನಿಮಿಷ. ಹಸಿ ವಾಸನೆ ಹೋಗುವುದು ಇಲ್ಲಿ. ಈ ಹಂತ ಬಿಟ್ಟು ನೇರ ಕುಕ್ಕರಿಗೆ ಹಾಕಿದ ಮಟನ್ನಿಗೆ ಎಷ್ಟು ಮಸಾಲೆ ಸುರಿದರೂ ಒಳಗಿನ ನಾತ ಉಳಿದೇ ಇರುತ್ತದೆ.

ಆಮೇಲೆ ಕುದಿಯುವ ನೀರು 1 ಲೀಟರ್. ಬೋಗುಣಿಯ ಮೇಲೆ ತಾಟು ಮುಚ್ಚಿ, ತಾಟಿನಲ್ಲಿ ನೀರು ಹಾಕಿಡಿ. ಅದು ಕಾದಂತೆ ಅದನ್ನೇ ಒಳಗೆ ಸುರಿದು ತಾಟಿಗೆ ಬೇರೆ ನೀರು. ಸಣ್ಣ ಉರಿಯಲ್ಲಿ ಎಳೆಯದಕ್ಕೆ ಒಂದು ತಾಸು, ಬಲಿತದ್ದಕ್ಕೆ ಒಂದೂವರೆ ತಾಸಿಗೂ ಹೆಚ್ಚು. ಕುಕ್ಕರ್ ಆದರೆ ಮುಕ್ಕಾಲು ಲೀಟರ್ ನೀರು ಸಾಕು: ಮೊದಲ ಸೀಟಿ ಆದ ಮೇಲೆ ಉರಿ ಸಣ್ಣಗೆ ಮಾಡಿ ಎಳೆಯದಕ್ಕೆ 15, ಬಲಿತದ್ದಕ್ಕೆ 25 ನಿಮಿಷ. ಒತ್ತಡ ತಾನಾಗಿ ಇಳಿಯಲಿ. ಸೀಟಿ ಎತ್ತಿ ಆವಿ ಬಿಟ್ಟರೆ ಒಳಗಿನದು ಒಮ್ಮೆಲೇ ಉಕ್ಕಿ ಕುದಿದು ತುಂಡುಗಳ ಅಂಚು ನಾರು ನಾರಾಗುತ್ತದೆ. ಎಲುಬಿನ ತುದಿಯಿಂದ ಮಾಂಸ ಅರ್ಧ ಇಂಚಿನಷ್ಟು ಹಿಂದೆ ಸರಿದಿದ್ದರೆ ಬೆಂದಿದೆ. ಸರಿಯದಿದ್ದರೆ ಇನ್ನೂ 8 ನಿಮಿಷ. ಅಗಿಯಲು ಬಾರದ ಮಟನ್ ಬಹುತೇಕ ಬೇಯದೆ ಉಳಿದ ಮಟನ್. ಹೆಚ್ಚು ಬೆಂದು ಗಟ್ಟಿಯಾಗಿದೆ ಎಂದುಕೊಂಡು ಜನ ಬೇಗ ಇಳಿಸುತ್ತಾರೆ. ಹೆಗಲು, ಮುಂಗಾಲಿನಲ್ಲಿರುವ ಬಿಳಿ ಪೊರೆ, ನರಗಳು ಕರಗಿ ಅಂಟಾಗಲು ನಿಧಾನದ ಶಾಖ ಬೇಕೇ ಬೇಕು.

ತುಂಡುಗಳನ್ನು ಬೇರೆ ತೆಗೆದು ರಸ ಸೋಸಿಡಿ. ಮಕ್ಕಳಿಗೆ, ಖಾರ ಆಗದವರಿಗೆ ಆ ರಸಕ್ಕೆ ಕಾಳುಮೆಣಸಿನ ಪುಡಿ ಉದುರಿಸಿ ಹಾಗೇ ಕೊಡಬಹುದು.

ಈಗ ಮಸಾಲೆ, ನಿಮ್ಮ ಕಹಿಯ ಮೂಲ. ಒಣ ಕೊಬ್ಬರಿ 50 ಗ್ರಾಂ ತೆಳ್ಳಗೆ ಹೆರೆದು, ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಹುರಿಯಿರಿ. ಬಾದಾಮಿ ಸಿಪ್ಪೆಯ ಬಣ್ಣ ಬಂದಾಗ ಉರಿ ಆರಿಸಿ ಕೂಡಲೇ ಬೇರೆ ತಾಟಿಗೆ ಸುರಿಯಿರಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಉರಿ ಇಲ್ಲದೆಯೂ ಎರಡು ನಿಮಿಷದಲ್ಲಿ ಹೊತ್ತುತ್ತದೆ. ಬಿಳಿ ಎಳ್ಳು 1 ದೊಡ್ಡ ಚಮಚ, ಚಟಪಟ ಅಂದರೆ ಸಾಕು. 200 ಗ್ರಾಂ ಉಳ್ಳಾಗಡ್ಡಿ ಸೀಳಿ ಸ್ವಲ್ಪ ಎಣ್ಣೆಯಲ್ಲಿ ಕಂದುಬಣ್ಣಕ್ಕೆ; ಅಂಚು ಕರಿಯಾದ ಎಳೆಗಳಿದ್ದರೆ ಆರಿಸಿ ಬಿಸಾಕಿ. ಕೆಂಡದ ಮೇಲೆ ಇಡೀ ಉಳ್ಳಾಗಡ್ಡಿ ಸುಟ್ಟು ಹಾಕುವವರೂ ಇದ್ದಾರೆ, ಆಗ ಹೊರಗಿನ ಕರಿ ಸಿಪ್ಪೆ ಪೂರ್ತಿ ತೆಗೆಯಬೇಕು. ಇವಿಷ್ಟನ್ನೂ 8 ಎಸಳು ಬಳ್ಳೊಳ್ಳಿ ಜೊತೆ, ಬೆಂದ ರಸವನ್ನೇ ಹನಿಸಿ ನುಣ್ಣಗೆ ರುಬ್ಬಿ.

ಖಾರಕ್ಕೆ ನಮ್ಮ ಕಡೆ ಬೇಸಿಗೆಯಲ್ಲಿ ಕುಟ್ಟಿಸಿಟ್ಟ ಮಸಾಲಿ ಖಾರ, ಎರಡೂವರೆ ದೊಡ್ಡ ಚಮಚ. ನಿಮ್ಮಲ್ಲಿ ಇಲ್ಲದಿದ್ದರೆ ಬ್ಯಾಡಗಿ ಖಾರಪುಡಿ ಒಂದೂವರೆ ದೊಡ್ಡ ಚಮಚ, ಗುಂಟೂರು ಅರ್ಧ ದೊಡ್ಡ ಚಮಚ, ಹುರಿದ ಹವೀಜದ (ಧನಿಯಾ) ಪುಡಿ 2 ಸಣ್ಣ ಚಮಚ; ಲವಂಗ 4, ಚಕ್ಕೆ ಒಂದು ಇಂಚು, ಕಾಳುಮೆಣಸು 8, ಚಿಕ್ಕ ತುಣುಕು ಕಲ್ಲುಹೂವು ಬೆಚ್ಚಗೆ ಮಾಡಿ ಕುಟ್ಟಿ ಬೆರೆಸಿ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಕಲ್ಲುಹೂವು ಬಿಡಬೇಡಿ, ಸೊಲ್ಲಾಪುರ ಕಡೆಯ ಆ ಕಾಡು ವಾಸನೆ ಅದರದ್ದು.

ಬಾಣಲೆಯಲ್ಲಿ 4 ದೊಡ್ಡ ಚಮಚ ಎಣ್ಣೆ, ರುಬ್ಬಿದ್ದು ಹಾಕಿ ಸಣ್ಣ ಉರಿಯಲ್ಲಿ ಅಂಚಿನಿಂದ ಎಣ್ಣೆ ಬಿಡುವ ತನಕ ಬಾಡಿಸಿ, 8ರಿಂದ 10 ನಿಮಿಷ. ಖಾರಪುಡಿಯನ್ನು ಬರೀ ಬಿಸಿ ಎಣ್ಣೆಗೆ ಎಂದೂ ಹಾಕಬೇಡಿ, ಕ್ಷಣದಲ್ಲಿ ಕಪ್ಪಾಗಿ ಕಹಿಯಾಗುತ್ತದೆ. ಮಸಾಲೆಗೆ ಒಂದು ಸೌಟು ರಸ ಸುರಿದು, ಆ ತೇವದ ಮೇಲೆ ಖಾರ ಉದುರಿಸಿ ಕಲಸಿ. ಆಮೇಲೆ ತುಂಡುಗಳು, ಇನ್ನೊಂದು ಸೌಟು ರಸ, ಮುಚ್ಚಳ ತೆಗೆದು 10 ನಿಮಿಷ. ಮಸಾಲೆ ತುಂಡಿಗೆ ಅಂಟಿ, ತಳದಲ್ಲಿ ಕೆಂಪು ಎಣ್ಣೆ ನಿಂತರೆ ಸುಕ್ಕಾ ಆಯಿತು. ಉಪ್ಪು ಈಗ ನೋಡಿ, ಒಂದು ಚೂರು ಹೆಚ್ಚೇ ಇರಲಿ. ಪಕ್ಕದ ಸೊಪ್ಪಿಗೆ ಅದು ಬೇಕು. ಉಳಿದ ರಸಕ್ಕೆ ಎರಡು ಚಮಚ ಇದೇ ಮಸಾಲೆ ಬೆರೆಸಿ ಕುದಿಸಿದರೆ ತೆಳು ಸಾರು.

ಇನ್ನು ಸೊಪ್ಪು. ಮೆಂತೆಯಲ್ಲಿ ಬೇರು ಸಮೇತ ಕಿತ್ತ ಗೇಣುದ್ದದ ಎಳೆ ಪೆಂಡಿ ಆರಿಸಿ. ಕಾಂಡ ಬಲಿತು ಹೂ ಬಿಟ್ಟಿದ್ದು ಹಸಿ ತಿನ್ನಲು ಅಲ್ಲ, ಬೇಯಿಸಲು. ನಾಲ್ವರಿಗೆ ಬಿಡಿಸಿದ ಎಲೆ 100 ಗ್ರಾಂ ಸಾಕು. ಇದು ಹೊಟ್ಟೆ ತುಂಬಿಸುವ ಸಲಾಡ್ ಅಲ್ಲ. ತಲೆಗೆ ಒಂದು ಹಿಡಿ. ಎಲೆಯನ್ನು ಕೈಯಿಂದ ಬಿಡಿಸಿ, ಸಣ್ಣ ಎಲೆ ಇಡಿಯಾಗೇ ಇರಲಿ, ದೊಡ್ಡದಿದ್ದರೆ ಎರಡು ತುಂಡು. ಚಾಕುವಿನಿಂದ ಸಣ್ಣಗೆ ಕೊಚ್ಚಿದಷ್ಟೂ ರಸ ಹೊರಬಂದು ಕಹಿ ಇಡೀ ಪಚಡಿಗೆ ಹರಡುತ್ತದೆ. ಹಿಂಡಿದಾಗ ಆಗುವುದೂ ಇದೇ: ಎಲೆ ಜಜ್ಜಿಹೋಗುತ್ತದೆ, ಘಮ ನೀರಿನ ಜೊತೆ ಹೋಗುತ್ತದೆ, ಕಹಿ ಮಾತ್ರ ಪೂರ್ತಿ ಹೋಗುವುದಿಲ್ಲ.

ತೊಳೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹಸಿ ತಿನ್ನುವ ಸೊಪ್ಪು. ದೊಡ್ಡ ಪಾತ್ರೆಯ ನೀರಿನಲ್ಲಿ ಎಲೆ ಮುಳುಗಿಸಿ, ಅಲುಗಾಡಿಸಿ, ಎಲೆಯನ್ನು ಮೇಲಿಂದ ಎತ್ತಿ ತೆಗೆಯಿರಿ. ಪಾತ್ರೆ ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಗೇ. ಹೀಗೆ ಮೂರು ನೀರು, ಕೊನೆಗೆ ನಲ್ಲಿಯ ಕೆಳಗೆ ಒಮ್ಮೆ. ಆಮೇಲೆ ಒಣ ಬಟ್ಟೆಯ ಮೇಲೆ ಅರ್ಧ ತಾಸು ಹರಡಿಡಿ. ಪಚಡಿ ನೀರು ಬಿಡಲು ಅರ್ಧ ಕಾರಣ ಒದ್ದೆ ಎಲೆ, ಒದ್ದೆ ಎಲೆಗೆ ಎಣ್ಣೆ ಅಂಟುವುದೇ ಇಲ್ಲ. ಹಸಿ ಮಟನ್ ಇಟ್ಟ ಮಣೆ, ಚಾಕು ಇದರ ಹತ್ತಿರ ಬರಕೂಡದು.

ಬೆರೆಸುವ ಕ್ರಮ ಮುಖ್ಯ. ಒಣಗಿದ ಎಲೆಗೆ ಮೊದಲು 1 ದೊಡ್ಡ ಚಮಚ ಹಸಿ ಕುಸುಬಿ ಎಣ್ಣೆ, ಇಲ್ಲದಿದ್ದರೆ ಗಾಣದ ಶೇಂಗಾ ಎಣ್ಣೆ, ಹಾಕಿ ಬೆರಳ ತುದಿಯಿಂದ ಹಗುರವಾಗಿ ಹಚ್ಚಿ. ಎಣ್ಣೆ ಹತ್ತಿದ ಎಲೆ ನಾಲಿಗೆಗೆ ಕಡಿಮೆ ಕಹಿ, ಉಪ್ಪು ಬಿದ್ದಾಗ ಬಾಡುವುದೂ ನಿಧಾನ. ನಂತರ ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಬೀಜ ತೆಗೆದ ಅರ್ಧ ಸವತಿಕಾಯಿ, ಬೇಕಿದ್ದರೆ ತುರಿದ ಗಜ್ಜರಿ, ಒಂದು ಹಸಿಮೆಣಸಿನಕಾಯಿ. ಅದರ ಮೇಲೆ ಹುರಿದು ತರಿತರಿ ಕುಟ್ಟಿದ ಶೇಂಗಾ 3 ದೊಡ್ಡ ಚಮಚ. ಇಲ್ಲಿಯ ತನಕ ಮಾಡಿ ಮುಚ್ಚಿಟ್ಟುಕೊಳ್ಳಿ. ಅರ್ಧ ಸಣ್ಣ ಚಮಚ ಉಪ್ಪು, ನಾಲ್ಕು ಹನಿ ಲಿಂಬೆ ಬೀಳಬೇಕಾದದ್ದು ತಾಟು ಹಾಕಿದ ಮೇಲೆ. ಉಪ್ಪು ಎಲೆಯಿಂದ, ಸವತಿಯಿಂದ ನೀರು ಎಳೆಯುತ್ತದೆ; 10 ನಿಮಿಷ ಮೊದಲೇ ಹಾಕಿದರೆ ನೀವು ಹೇಳಿದ ಗತಿ. ಲಿಂಬೆ ಹೆಚ್ಚು ಹಿಂಡಿದರೆ ಹುಳಿಯೇ ಎದ್ದು ನಿಲ್ಲುತ್ತದೆ. ಕಹಿ ತಗ್ಗಿಸುವುದು ಉಪ್ಪು. ಸಕ್ಕರೆ ಹಾಕುವವರಿದ್ದಾರೆ, ಮಟನ್ ಪಕ್ಕಕ್ಕೆ ಅದು ಬೇಡ.

ಹಕ್ಕರಕಿಯ ಮಾತು ಬೇರೆ. ಮರಾಠಿಯವರು ಪಾಥರಿ ಅನ್ನುವ ಇದು ಹಿಂಗಾರಿ ಜೋಳ, ಕಡಲೆ ಹೊಲದಲ್ಲಿ ತಾನೇ ನೆಲಕ್ಕಂಟಿ ಹಬ್ಬುತ್ತದೆ. ಲೆಟ್ಯೂಸ್, ಚಿಕೋರಿಗಳ ಹತ್ತಿರದ ಸಂಬಂಧಿ, ಅದೇ ಹಾಲಿನ ಜಾತಿ. ಎಲೆ ಮುರಿದಾಗ ಬರುವ ಬಿಳಿ ಹಾಲಿನಲ್ಲೇ ಕಹಿ. ನಡುವಿನಿಂದ ಹೂದಂಟು ಎದ್ದಿದ್ದರೆ ತರಬೇಡಿ. ಎಲೆ ಚಕ್ರದ ಹಾಗೆ ನೆಲಕ್ಕೆ ಹರಡಿದ್ದು ಎಳೆಯದು. ಬೇರಿನ ತುದಿ ಕತ್ತರಿಸಿ, ಬುಡದ ಮಣ್ಣು ಬಿಡಿಸಿ ತೊಳೆದರೆ ಮುಗಿಯಿತು, ಪಚಡಿ ಏನೂ ಬೇಡ. ಇಡೀ ಎಲೆ, ಪಕ್ಕದಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ), ಅದರ ಮೇಲೆ ಹಸಿ ಎಣ್ಣೆ. ರೊಟ್ಟಿ ತುಂಡಿನಲ್ಲಿ ಸುಕ್ಕಾ ಹಿಡಿದು ಅದಕ್ಕೇ ಎರಡು ಎಲೆ ಸೇರಿಸಿ ಒಂದೇ ತುತ್ತು.

ಬೆಂಗಳೂರಿನಲ್ಲಿ ಹಕ್ಕರಕಿ ಸಿಗದಿದ್ದರೆ ಎಂಡೈವ್, ಚಿಕೋರಿ ಎಲೆ ಹತ್ತಿರದ್ದು. ರಾಕೆಟ್ ಎಲೆ ಕಹಿಗಿಂತ ಸಾಸಿವೆಯ ಘಾಟು, ಆದರೂ ಚರಬಿಗೆ ಹೊಂದುತ್ತದೆ. ಇವು ದುಬಾರಿ, ಅದಕ್ಕಿಂತ ಎಳೆ ಮೂಲಂಗಿಯ ಸೊಪ್ಪು ಎಲ್ಲ ಸಂತೆಯಲ್ಲೂ ಇದೆ, ಮುಳ್ಳುಮುಳ್ಳಾದ ದೊಡ್ಡ ಎಲೆ ಬಿಟ್ಟು ಒಳಗಿನದು ಆರಿಸಿ. ಐಸ್‌ಬರ್ಗ್ ಲೆಟ್ಯೂಸ್ ಮಾತ್ರ ತರಬೇಡಿ, ಅದರಲ್ಲಿ ನೀರು ಬಿಟ್ಟರೆ ಏನಿಲ್ಲ.

ಮೆಂತೆಯನ್ನು ಮಟನ್ ಒಳಗೇ ಹಾಕಬಹುದೇ ಎಂದೂ ಕೇಳಿದ್ದೀರಿ. ಹಾಕಬಹುದು, ಅದು ಬೇರೆಯೇ ಅಡಿಗೆ. ಕಿಲೋ ಮಟನ್ನಿಗೆ 150 ಗ್ರಾಂ ಎಲೆ, ಸುಕ್ಕಾ ಇಳಿಸುವ 6 ನಿಮಿಷ ಮೊದಲು, ಮುಚ್ಚಳ ಹಾಕದೆ. ಆ ದಿನ ಪಕ್ಕಕ್ಕೆ ಬರೀ ಉಳ್ಳಾಗಡ್ಡಿ ಸಾಕು.

ರೊಟ್ಟಿಗೆ ಹಿಟ್ಟು ಹೊಸದಿರಲಿ. ಮಂಗಳವೇಢೆಯ ಮಾಲದಂಡಿ ಜೋಳವೇ ಆದರೂ ಬೀಸಿ ಮೂರು ವಾರ ಕಳೆದರೆ ಜಿಗಿ ಹೋಗಿ ಬಡಿಯುವಾಗ ಅಂಚು ಸೀಳುತ್ತದೆ. ಕುದಿಯುವ ಎಸರು ಹಾಕಿ ನಾದಿದರೆ ಹಳೆ ಹಿಟ್ಟೂ ಸ್ವಲ್ಪ ಹಿಡಿದುಕೊಳ್ಳುತ್ತದೆ. ರೊಟ್ಟಿ ಬರದಿದ್ದರೆ ಚಿಂತೆಯಿಲ್ಲ, ಅನ್ನಕ್ಕೆ ಸಾರು ಹಾಕಿಕೊಂಡು ನಂಚಲು ಸುಕ್ಕಾ ಮತ್ತು ಪಚಡಿ ಇಟ್ಟುಕೊಳ್ಳಿ.

ಉಳಿದ ಸುಕ್ಕಾ ಮರುದಿನಕ್ಕೆ ಇನ್ನೂ ಚೆನ್ನಾಗಿರುತ್ತದೆ, ಫ್ರಿಜ್ಜಿನಲ್ಲಿಟ್ಟು ಎರಡು ಚಮಚ ಬಿಸಿನೀರು ಚಿಮುಕಿಸಿ ಕಾಯಿಸಿ. ಉಪ್ಪು ಬಿದ್ದ ಪಚಡಿಯನ್ನು ಇಡಬೇಡಿ. ಉಳಿದೇ ಬಿಟ್ಟರೆ ಅಂದು ರಾತ್ರಿಯೇ ಜೋಳದ ಹಿಟ್ಟು, ಅರಿಷಿಣ, ಖಾರ ಸೇರಿಸಿ ಅದರದೇ ನೀರಿನಲ್ಲಿ ಕಲಸಿ ಥಾಲಿಪೆಟ್ಟು ತಟ್ಟಿ.