ಹಳೇ ಸ್ಪ್ಲೆಂಡರ್, ಕೈಯಲ್ಲಿ ಹತ್ತು ಸಾವಿರ: ಮೊದಲು ಏನು ಮಾಡಿಸಬೇಕು?

ನಿಮ್ಮ ಗಾಡಿ 2016ರ ಸ್ಪ್ಲೆಂಡರ್ ಪ್ಲಸ್, ಎಂಬತ್ತು ಸಾವಿರ ಕಿಲೋಮೀಟರ್ ಓಡಿದೆ. ಲೋಕಾಪುರದಿಂದ ಬಾಗಲಕೋಟೆ ನವನಗರಕ್ಕೆ ದಿನಾ ಕೆಲಸಕ್ಕೆ ಹೋಗಿ ಬರುತ್ತೀರಿ, ವಾಪಸ್ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಕೈಯಲ್ಲಿ ಹತ್ತು ಸಾವಿರ ಇದೆ. ಗೆಳೆಯರು ಎಲ್‌ಇಡಿ ಲೈಟು, ಅಗಲ ಟೈರು, ಸೌಂಡ್ ಬರುವ ಸೈಲೆನ್ಸರ್ ಹಾಕಿಸು ಅಂತಿದ್ದಾರೆ. ಅದನ್ನ ಮಾಡಿಸಲೋ, ಬರೀ ಸರ್ವಿಸ್ ಮಾಡಿಸಲೋ ಅಂತ ಕೇಳಿದ್ದೀರಿ.

ಸೈಲೆನ್ಸರ್ ಬೇಡವೇ ಬೇಡ. ಅಗಲ ಟೈರೂ ಬೇಡ. ಲೈಟಿನ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳಿದ್ದು ಅರ್ಧ ಸರಿ. ಮೊದಲ ದುಡ್ಡು ಟೈರು, ಬ್ರೇಕು, ಚೈನಿಗೆ ಹೋಗಬೇಕು. ನಾನು ಬಾಗಲಕೋಟೆಯಿಂದ ಕೆರೂರ ಕಡೆ ಇಂಥದ್ದೇ ಗಾಡಿಯಲ್ಲಿ ವರ್ಷಗಳಿಂದ ಓಡಾಡುತ್ತಿದ್ದೇನೆ. ಮಿಸ್ತ್ರಿ ಪಕ್ಕ ಕೂತು ಗಾಡಿ ಬಿಚ್ಚುವುದನ್ನು ನೋಡುವುದು ನನಗೆ ತುಂಬಾ ಇಷ್ಟ. ಈ ನೂರು ಸಿಸಿ ಗಾಡಿಗಳ ಮೇಲೆ ನನಗೆ ನಿಜವಾಗಿಯೂ ಪ್ರೀತಿ. ನಮ್ಮ ಕಡೆ ಎಷ್ಟು ಮನೆಗಳ ಸಂಸಾರ ಇವುಗಳ ಮೇಲೆಯೇ ನಡೆದಿದೆ.

ಮೊದಲು ಟೈರು ನೋಡಿ. ಟೈರಿನ ಪಕ್ಕದಲ್ಲಿ ಒಂದು ಸಣ್ಣ ಉದ್ದಗುಂಡಗಿನ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2419 ಅಂತಿದ್ದರೆ 2019ನೇ ಇಸವಿಯ 24ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಕಚ್ಚು (ಗ್ರೂವ್) ಇನ್ನೂ ಆಳವಾಗಿದ್ದರೂ ರಬ್ಬರು ಹಳೆಯದಾದರೆ ಗಟ್ಟಿಯಾಗುತ್ತದೆ. ಬಾಗಲಕೋಟೆಯ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಬಿಸಿಲಿಗೆ ನಿಂತೂ ನಿಂತೂ ಸಣ್ಣಗೆ ಬಿರುಕು ಬಿಡುತ್ತದೆ. ಉಗುರಿನಿಂದ ಒತ್ತಿ ನೋಡಿ. ಒಳಗೆ ಇಳಿಯದೆ ಜಾರಿದರೆ ಮಳೆಯಲ್ಲಿ ಅದನ್ನು ನಂಬಬೇಡಿ. ಹೊಸದು ತಗೊಳ್ಳುವಾಗ ಕಂಪನಿ ಕೊಟ್ಟ ಸೈಜೇ ಕೇಳಿ, ಹಳೇ ಟೈರಿನ ಮೇಲೆ ಬರೆದಿರುತ್ತದೆ. ಅಂಗಡಿಯಲ್ಲೇ ತಾರೀಖಿನ ಅಂಕಿ ನೋಡಿ, ಎರಡು ವರ್ಷ ಗೋಡೌನಿನಲ್ಲಿ ಕೂತ ಟೈರು ಬೇಡ. ಟ್ಯೂಬನ್ನೂ ಹೊಸದೇ ಹಾಕಿಸಿ. ಹಳೇ ಟ್ಯೂಬು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಚಿಕೊಂಡು ಅಲ್ಲೇ ತೂತಾಗುತ್ತದೆ.

ಅಗಲ ಟೈರು ಯಾಕೆ ಬೇಡ ಅಂದರೆ, ಈ ರಿಮ್ಮು ಕಿರಿದು. ಅದರಲ್ಲಿ ಅಗಲ ಟೈರು ಕೂರಿಸಿದರೆ ಅಂಚುಗಳು ಒಳಗೆ ಒತ್ತಿಕೊಂಡು ಮಧ್ಯಭಾಗ ಉಬ್ಬುತ್ತದೆ, ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಚೈನ್ ಕವರಿಗೆ ಉಜ್ಜುವ ಸಾಧ್ಯತೆಯೂ ಇದೆ. ಮೈಲೇಜು ಇಳಿಯುತ್ತದೆ. ಇನ್ನೊಂದು ಮಾತು ನಮ್ಮ ಎರಿ ಮಣ್ಣಿನದ್ದು, ಅಂದರೆ ಕಪ್ಪು ಮಣ್ಣಿನದ್ದು. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದವರಿಗೆ ಗೊತ್ತು, ನಾಲ್ಕು ಮಾರು ಹೋಗುವಷ್ಟರಲ್ಲಿ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ, ಕಟ್ಟಿಗೆ ತಗೊಂಡು ಕೆರೆದು ತೆಗೆಯಬೇಕು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಇರುವ ಜಾಗ ನಮಗೆ ಬೇಕು. ಅದನ್ನ ದುಡ್ಡು ಕೊಟ್ಟು ಯಾಕೆ ಕಡಿಮೆ ಮಾಡಿಕೊಳ್ಳುವುದು?

ಟ್ಯೂಬ್‌ಲೆಸ್ ಬಗ್ಗೆಯೂ ಯಾರಾದರೂ ಹೇಳಿಯೇ ಇರುತ್ತಾರೆ. ನಮ್ಮ ರಸ್ತೆ ಬದಿಯ ಬಳ್ಳಾರಿ ಜಾಲಿ ಮುಳ್ಳಿಗೆ ಟ್ಯೂಬ್‌ಲೆಸ್ ಒಳ್ಳೆಯದೇ, ಮುಳ್ಳು ಚುಚ್ಚಿದರೂ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಊರು ಮುಟ್ಟಬಹುದು. ಆದರೆ ಅದಕ್ಕೆ ಟ್ಯೂಬ್‌ಲೆಸ್‌ಗೆಂದೇ ಮಾಡಿದ ರಿಮ್ ಬೇಕು. ತಂತಿ ಗಾಲಿಗೆ, ಟ್ಯೂಬಿನ ಅಲಾಯ್‌ಗೆ ಟ್ಯೂಬ್‌ಲೆಸ್ ಟೈರು ಹಾಕಿ ಟ್ಯೂಬು ತೆಗೆದು ಓಡಿಸುವ ಜುಗಾಡು ಬೇಡ. ಗಾಳಿ ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರಿಗೆ 28. ಇಬ್ಬರು ಕೂತರೆ ಹಿಂದೆ ಜಾಸ್ತಿ ಬೇಕು, ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿದೆ. ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ಹಿಡಿಸಿ.

ಈಗ ಬ್ರೇಕು. ನಿಮ್ಮದು ಎರಡೂ ಕಡೆ 130 ಮಿಲಿಮೀಟರಿನ ಡ್ರಮ್. ಇದನ್ನ ಡಿಸ್ಕ್ ಮಾಡಿಸೋಣ ಅನ್ನುವವರೂ ಇದ್ದಾರೆ. ಫೋರ್ಕು, ಹಬ್ಬು, ಮಾಸ್ಟರ್ ಸಿಲಿಂಡರು ಎಲ್ಲಾ ಬದಲಾಗಬೇಕಾಗುತ್ತದೆ, ಈ ದುಡ್ಡಿಗೆ ಆಗುವ ಕೆಲಸವಲ್ಲ. ಸರಿಯಾಗಿರುವ ಡ್ರಮ್ ಬ್ರೇಕು ಈ ತೂಕದ ಗಾಡಿಗೆ ಸಾಕು. ಆದರೆ ಸರಿಯಾಗಿರಬೇಕು, ಅದೇ ಮುಖ್ಯ. ಬ್ರೇಕ್ ಪ್ಲೇಟಿನ ಹೊರಗೆ, ಬ್ರೇಕ್ ಆರ್ಮಿನ ಬುಡದಲ್ಲಿ ಒಂದು ಸಣ್ಣ ಬಾಣದ ಗುರುತು ಇರುತ್ತದೆ. ಬ್ರೇಕು ಪೂರ್ತಿ ಒತ್ತಿ ಹಿಡಿದಾಗ ಆ ಬಾಣ ಪ್ಲೇಟಿನ ಗುರುತಿಗೆ ಮುಟ್ಟಿದರೆ ಡ್ರಮ್ಮಿನೊಳಗಿನ ಬ್ರೇಕ್ ಶೂ ಸವೆದು ಮುಗಿದಂತೆ. ಅಲ್ಲಿಗೆ ನಟ್ಟು ಬಿಗಿ ಮಾಡಿಕೊಂಡು ಓಡಿಸುವುದು ನಿಲ್ಲಿಸಬೇಕು. "ಇನ್ನೂ ಓಡ್ತೈತಿ ಬಿಡ್ರಿ ಸರ್" ಅಂತ ಹೇಳುವ ಮಿಸ್ತ್ರಿಗಳು ಸಿಗುತ್ತಾರೆ. ನೀವು ಬಾಣ ತೋರಿಸಿ ಹಾಕಿಸಿಕೊಳ್ಳಿ. ಡ್ರಮ್ ಬಿಚ್ಚಿದಾಗ ಶೂ ಅಗಲಿಸುವ ಕ್ಯಾಮಿಗೆ ಒಂಚೂರು ಗ್ರೀಸ್ ಹಾಕಿಸಿ, ಬರೀ ಒಂಚೂರು. ಮುಂದಿನ ಬ್ರೇಕ್ ಕೇಬಲ್ ಒಣಗಿದ್ದರೆ ಅದನ್ನೂ ಬದಲಿಸಿ. ಎಷ್ಟೋ ಗಾಡಿಯಲ್ಲಿ ಶೂ ಚೆನ್ನಾಗಿರುತ್ತದೆ, ತುಕ್ಕು ಹಿಡಿದ ಕೇಬಲ್ಲೇ ನಿಮ್ಮ ಕೈಯ ಶಕ್ತಿ ತಿಂದುಹಾಕುತ್ತಿರುತ್ತದೆ.

ನಿಮ್ಮ ದಾರಿ ನನಗೆ ಚೆನ್ನಾಗಿ ಗೊತ್ತು. ಗದ್ದನಕೇರಿ ಕ್ರಾಸು, ಕಲಾದಗಿ, ಆಮೇಲೆ ಲೋಕಾಪುರ. ಕಬ್ಬಿನ ಹಂಗಾಮು ಶುರುವಾದರೆ ರಾತ್ರಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಹಿಂದೆ ಲೈಟು ಇರುವುದಿಲ್ಲ, ಇದ್ದ ರಿಫ್ಲೆಕ್ಟರನ್ನೂ ಕಬ್ಬು ಮುಚ್ಚಿಬಿಟ್ಟಿರುತ್ತದೆ. ಎದುರಿನ ಲಾರಿಯ ಬೆಳಕಿಗೆ ಕಣ್ಣು ಕುಕ್ಕಿ, ಕಣ್ಣು ಬಿಡುವಷ್ಟರಲ್ಲಿ ಮುಂದೆ ಕಬ್ಬಿನ ಗೋಡೆ. ನಾನು ಟೈರು, ಬ್ರೇಕು ಅಂತ ಇಷ್ಟು ಒತ್ತಿ ಹೇಳುವುದು ಇದಕ್ಕೇ. ರಸ್ತೆ ಮೇಲೆ ಬಿದ್ದ ಕಬ್ಬಿನ ರವದಿ (ಒಣಗಿದ ಗರಿ) ಇಬ್ಬನಿಗೆ ನೆನೆದಿದ್ದರೆ ಅದರ ಮೇಲೆ ಬ್ರೇಕ್ ಒತ್ತಲೇಬೇಡಿ, ಮೊದಲೇ ವೇಗ ಇಳಿಸಿ.

ಹಾಗಾಗಿ ಲೈಟಿಗೆ ಬರೋಣ. ಗಾಡಿ ಸ್ಲೋ ಆದಾಗ ಹೆಡ್‌ಲೈಟು ಮಂಕಾಗಿ, ರೇಸ್ ಮಾಡಿದಾಗ ಬೆಳಗುತ್ತದಾ? ಹಾಗಿದ್ದರೆ ಅದಕ್ಕೆ ಕರೆಂಟು ಬ್ಯಾಟರಿಯಿಂದ ಅಲ್ಲ, ಇಂಜಿನ್ನಿನ ಕಾಯಿಲಿನಿಂದ ನೇರ ಬರುತ್ತಿದೆ. ಅದಕ್ಕೆ ಸಿಕ್ಕ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ ಮಿಣುಕುತ್ತದೆ, ಬೇಗ ಸುಡುತ್ತದೆ. ಇನ್ನೊಂದು ತೊಂದರೆ ದೊಡ್ಡದು. ಒಳಗಿನ ರಿಫ್ಲೆಕ್ಟರು ಒಂದು ಸಣ್ಣ ತಂತಿಯಿಂದ ಬರುವ ಬೆಳಕಿಗೆ ಅಳತೆ ಮಾಡಿ ಮಾಡಿದ್ದು. ಆ ಜಾಗದಲ್ಲಿ ಎಲ್‌ಇಡಿ ಇಟ್ಟರೆ ಬೆಳಕು ಚೆಲ್ಲಾಪಿಲ್ಲಿ. ನಿಮಗೆ ಹತ್ತಿರದ ರಸ್ತೆ ಬೆಳ್ಳಗೆ ಕಾಣುತ್ತದೆ, ದೂರದ್ದು ಕಾಣುವುದಿಲ್ಲ, ಎದುರಿನವರ ಕಣ್ಣಿಗೆ ಮಾತ್ರ ಸೂಜಿ. 35/35 ವಾಟಿನ ಜಾಗಕ್ಕೆ 100/90ರ ಬಲ್ಬು ಹಾಕಿದರೆ ಹೋಲ್ಡರು ಕರಗುತ್ತದೆ, ವೈರು ಸುಡುತ್ತದೆ.

ಬದಲಿಗೆ ಹೀಗೆ ಮಾಡಿ. ಗ್ಲಾಸು ಹಳದಿಯಾಗಿದ್ದರೆ, ರಿಫ್ಲೆಕ್ಟರಿನ ಹೊಳಪು ಹೋಗಿದ್ದರೆ ಹೆಡ್‌ಲೈಟ್ ಅಸೆಂಬ್ಲಿಯನ್ನೇ ಹೊಸದು ಹಾಕಿಸಿ. ಒಳ್ಳೆ ಕಂಪನಿಯ 35/35 ಹ್ಯಾಲೋಜೆನ್ ಬಲ್ಬು ಹಾಕಿ. ಹೋಲ್ಡರಿನ ಪಿನ್ನು, ಅರ್ತಿಂಗ್ ವೈರಿನ ತುದಿ ಕೆರೆದು ಸ್ವಚ್ಛ ಮಾಡಿಸಿ. ಎಂಟು-ಹತ್ತು ವರ್ಷದ ಗಾಡಿಯಲ್ಲಿ ಅರ್ಧ ಬೆಳಕು ಈ ತುಕ್ಕಿನಲ್ಲೇ ಹೋಗಿರುತ್ತದೆ. ಆಮೇಲೆ ರಾತ್ರಿ ಗೋಡೆ ಎದುರು ನಿಲ್ಲಿಸಿ, ನೀವು ಮೇಲೆ ಕೂತು, ಡಿಮ್‌ನ ಬೆಳಕು ಹೆಡ್‌ಲೈಟಿನ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಬೀಳುವ ಹಾಗೆ ಅಡ್ಜಸ್ಟ್ ಮಾಡಿಕೊಳ್ಳಿ. ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಟೇಪು ಅಂಟಿಸಿ. ನಿಮ್ಮ ಹಿಂದೆಯೂ ಲಾರಿ ಬರುತ್ತಿರುತ್ತದೆ ಅಲ್ವಾ.

ಚೈನು ಎಲ್ಲರೂ ಮರೆಯುವ ಭಾಗ. ನಿಮ್ಮ ಗಾಡಿಗೆ ಪೂರ್ತಿ ಮುಚ್ಚಿದ ಚೈನ್ ಕವರ್ ಇದೆ, ನಮ್ಮ ಧೂಳಿಗೆ ಅದು ವರ. ಕೆಲವರು ಅಂದಕ್ಕಂತ ಅದನ್ನ ತೆಗೆಸಿಬಿಡುತ್ತಾರೆ, ಹಾಗೆ ಮಾಡಬೇಡಿ. ಕವರಿನಲ್ಲಿ ಒಂದು ರಬ್ಬರ್ ಮುಚ್ಚಳ ಇದೆ. ಅದನ್ನ ತೆಗೆದು ಬೆರಳಿನಿಂದ ಚೈನು ಮೇಲೆ-ಕೆಳಗೆ ಆಡಿಸಿ. ಎರಡರಿಂದ ಮೂರು ಸೆಂಟಿಮೀಟರ್ ಆಡಬೇಕು. ಗಾಲಿ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಅಂದರೆ ಚೈನು ಒಂದೇ ಸಮ ಸವೆದಿಲ್ಲ, ಬದಲಿಸುವ ಹೊತ್ತು ಬಂತು. ಬದಲಿಸಿದರೆ ಚೈನು, ಅದು ಕೂರುವ ಮುಂದಿನ ಹಲ್ಲಿನ ಚಕ್ರ (ಸ್ಪ್ರಾಕೆಟ್), ಹಿಂದಿನ ಸ್ಪ್ರಾಕೆಟ್ ಮೂರೂ ಒಟ್ಟಿಗೆ. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಒರೆಸಿ, ಒಣಗಿಸಿ, 90 ನಂಬರಿನ ಗೇರ್ ಆಯಿಲ್ ಬಿಡಿ. ಗ್ರೀಸ್ ಮೆತ್ತಬೇಡಿ, ಧೂಳು ಅದಕ್ಕೆ ಅಂಟಿಕೊಂಡು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಒಂದು ಮಾತು ನೆನಪಿಡಿ. ಚೈನು ಬಿಗಿ ಮಾಡಿದಾಗ ಹಿಂದಿನ ಗಾಲಿ ಹಿಂದಕ್ಕೆ ಸರಿಯುತ್ತದೆ, ಅದರ ಜೊತೆ ಹಿಂದಿನ ಬ್ರೇಕಿನ ರಾಡೂ ಬಿಗಿಯಾಗುತ್ತದೆ. ಬ್ರೇಕಿನ ಪೆಡಲ್ ಆಟ ನೋಡದೆ ಗ್ಯಾರೇಜಿನಿಂದ ಹೊರಡಬೇಡಿ. ಇಲ್ಲವಾದರೆ ಶೂ ಉಜ್ಜುತ್ತಲೇ ಇರುತ್ತದೆ, ಮೈಲೇಜು ಯಾಕೆ ಬಿತ್ತು ಅಂತ ತಿಳಿಯುವುದಿಲ್ಲ.

ಇನ್ನು ಇಂಜಿನ್. ಆಯಿಲ್ 10ಡಬ್ಲ್ಯೂ-30, ಡಬ್ಬಿಯ ಮೇಲೆ ಬೈಕ್ ಆಯಿಲಿನ ಗುರುತಾದ ಜಾಸೋ ಎಂಎ ಅಥವಾ ಎಂಎ2 ಅಂತಿರಬೇಕು. ಈ ಗಾಡಿಯಲ್ಲಿ ಕ್ಲಚ್ ಪ್ಲೇಟು ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಕಂಪನಿ ಆರು ಸಾವಿರ ಕಿಲೋಮೀಟರಿಗೆ ಅನ್ನುತ್ತದೆ. ನಿಮ್ಮ ದಾರಿಯ ಧೂಳಿಗೆ ನಾನಾದರೆ ಮೂರು ಸಾವಿರಕ್ಕೇ ಬದಲಿಸುತ್ತೇನೆ. ಮಟ್ಟ ನೋಡುವಾಗ ಮೇನ್ ಸ್ಟ್ಯಾಂಡ್ ಹಾಕಿ, ಕಡ್ಡಿ ಒರೆಸಿ, ತಿರುಗಿಸದೆ ಸುಮ್ನೆ ಇಳಿಸಿ ನೋಡಿ.

ಇಲ್ಲಿ ಒಂದು ಕೆಲಸ ನೀವು ಬಾಯಿಬಿಟ್ಟು ಕೇಳಲೇಬೇಕು. ಈ ಇಂಜಿನ್ನಿಗೆ ಕಾರಿನ ಹಾಗೆ ಬಿಸಾಕುವ ಆಯಿಲ್ ಫಿಲ್ಟರ್ ಇಲ್ಲ. ಬಲಗಡೆಯ ಕ್ಲಚ್ ಕವರಿನೊಳಗೆ ಒಂದು ದುಂಡನೆ ಬಟ್ಟಲು ಇಂಜಿನ್ನಿನ ಜೊತೆ ಗಿರ್ರನೆ ತಿರುಗುತ್ತಿರುತ್ತದೆ. ತಿರುಗುವ ರಭಸಕ್ಕೆ ಆಯಿಲಿನಲ್ಲಿರುವ ಕೊಳೆ, ಲೋಹದ ಪುಡಿ ಅದರ ಗೋಡೆಗೆ ಹೋಗಿ ಅಂಟುತ್ತದೆ. ಕೆಳಗೆ ಒಂದು ಸಣ್ಣ ಜಾಲರಿಯೂ ಇದೆ. ವರ್ಷಗಟ್ಟಲೆ ತೆಗೆಯದ ಗಾಡಿಯದನ್ನು ಬಿಚ್ಚಿದರೆ ಒಳಗೆ ಕಪ್ಪು ಕಾಡಿಗೆಯಂಥ ದಪ್ಪ ಪದರ. ಬೆರಳಿನಲ್ಲಿ ತಿಕ್ಕಿದರೆ ಬೆಳ್ಳಿ ಪುಡಿಯ ಹೊಳಪು ಕಾಣುತ್ತದೆ. ಆ ಬಟ್ಟಲು ತುಂಬಿದ ಮೇಲೆ ಕೊಳೆ ಎಲ್ಲಿಗೆ ಹೋಗಬೇಕು? ಇಂಜಿನ್ನಿನ ಬೇರಿಂಗಿಗೆ, ವಾಲ್ವು ಎತ್ತುವ ಕ್ಯಾಮಿಗೆ. ಆಯಿಲ್ ಬದಲಿಸುವವರು ಕೆಳಗಿನ ನಟ್ಟು ಬಿಚ್ಚಿ ಸುರಿದು ಹೊಸದು ಹಾಕಿ ಕಳಿಸುತ್ತಾರೆ, ಇದನ್ನ ಮುಟ್ಟುವುದೇ ಇಲ್ಲ. ಎಂಬತ್ತು ಸಾವಿರ ಓಡಿದ ನಿಮ್ಮ ಗಾಡಿಗೆ ಇದನ್ನ ಒಮ್ಮೆ ಬಿಚ್ಚಿಸಿ ತೊಳೆಸಿ, ಕವರಿಗೆ ಹೊಸ ಪ್ಯಾಕಿಂಗ್ ಹಾಕಿಸಿ. ಖರ್ಚು ಅಂಥಾ ದೊಡ್ಡದಲ್ಲ, ಅರ್ಧ ದಿನದ ಕೆಲಸ. ಎದುರಿಗೆ ನಿಂತು ಮಾಡಿಸಿ. ಅದೇ ಹೊತ್ತಿಗೆ ಇಂಜಿನ್ ತಣ್ಣಗಿದ್ದಾಗ ಟ್ಯಾಪೆಟ್ (ವಾಲ್ವಿನ ಸಂದು) ಹಿಡಿಸಿ.

ಏರ್ ಫಿಲ್ಟರ್ ಎಣ್ಣೆ ಸವರಿದ ಕಾಗದದ್ದಾಗಿದ್ದರೆ ಅದಕ್ಕೆ ಗಾಳಿ ಹೊಡೆಸಬೇಡಿ. ಕೊಳೆಯಾದರೆ ಬದಲಿಸುವುದೇ.

ಪೆಟ್ರೋಲು. ಈಗ ಪಂಪಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ್ದು. ನಮ್ಮ ಮುಧೋಳ, ಜಮಖಂಡಿ ಕಡೆಯ ಕಬ್ಬೇ ಅದಕ್ಕೆ ಹೋಗುತ್ತದೆ, ಬೆಳೆಗಾರರಿಗೆ ಒಳ್ಳೆಯದೇ. ಆದರೆ 2016ರ ಗಾಡಿ ಅದಕ್ಕಂತ ಮಾಡಿದ್ದಲ್ಲ. 2021ರ ನೀತಿ ಆಯೋಗದ ವರದಿಯಲ್ಲಿ ಹಳೇ ದ್ವಿಚಕ್ರಗಳಿಗೆ ಮೈಲೇಜು ಮೂರು-ನಾಲ್ಕು ಪರ್ಸೆಂಟ್ ಇಳಿಯಬಹುದು ಅಂತಿದೆ. ನನಗೆ ಮೈಲೇಜಿಗಿಂತ ರಬ್ಬರಿನ ಚಿಂತೆ. ಟ್ಯಾಂಕಿನಿಂದ ಕಾರ್ಬುರೇಟರಿಗೆ ಬರುವ ಪೈಪು ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸಿ, ಸಣ್ಣ ಖರ್ಚು. ಟ್ಯಾಂಕಿನ ಮುಚ್ಚಳದ ರಬ್ಬರ್ ಸರಿ ಇದೆಯಾ ನೋಡಿ. ನೀರು ಒಳಗೆ ಹೋದರೆ ಎಥನಾಲ್ ಅದನ್ನ ಹೀರಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತದೆ, ಇಂಜಿನ್ನಿಗೆ ಮೊದಲು ಹೋಗುವುದೇ ಅದು. ವಾರಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬುರೇಟರ್ ಖಾಲಿ ಮಾಡಿ.

ವಾಟರ್ ಸರ್ವಿಸ್‌ಗೆ ಹೋದಾಗ ಡೀಸೆಲ್ ಹೊಡೆಯಬೇಡಿ ಅನ್ನಿ, ರಬ್ಬರು ಹಾಳಾಗುತ್ತದೆ. ಗಾಲಿಯ ಬೇರಿಂಗಿಗೆ ನೇರ ನೀರು ಬಿಡಬಾರದು. ಹ್ಯಾಂಡಲ್ ನಡುವಿನಲ್ಲಿ ಸಿಕ್ಕಿಕೊಂಡ ಹಾಗಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ, ನಮ್ಮ ಗುಂಡಿಗಳಿಗೆ ಅದು ಹೋಗೇ ಹೋಗುತ್ತದೆ.

ಸೈಲೆನ್ಸರ್ ಬಗ್ಗೆ ಕೊನೆಗೆ ಎರಡು ಮಾತು. ಎಂಟರ ಆಸುಪಾಸಿನ ಹಾರ್ಸ್‌ಪವರಿನ ಇಂಜಿನ್ನಿಗೆ ಅದರಿಂದ ಬರುವುದು ಸೌಂಡು ಮಾತ್ರ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಕಾನೂನು ಒಪ್ಪದ ಬದಲಾವಣೆಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಇದೆ. ಕಲಾದಗಿಯಂಥ ಊರಿನ ನಡುವೆ ದಿನಾ ಹೋಗುತ್ತೀರಿ, ರಸ್ತೆ ಬದಿಯ ಮನೆಗಳಲ್ಲಿ ಮಕ್ಕಳು ಮಲಗಿರುತ್ತಾರೆ.

ಟೈರು, ಟ್ಯೂಬು, ಶೂ, ಚೈನ್ ಸೆಟ್, ಹೆಡ್‌ಲೈಟು, ಆಯಿಲ್ ಕೆಲಸ ಇಷ್ಟೂ ಹತ್ತು ಸಾವಿರದೊಳಗೆ ಆಗಬೇಕು. ಉಳಿದರೆ, ಐಎಸ್‌ಐ ಗುರುತಿನ ಹೆಲ್ಮೆಟ್ಟಿನ ಗ್ಲಾಸು ಗೀರಿದ್ದರೆ ಅದನ್ನ ಬದಲಿಸಿ. ರಾತ್ರಿ ಗೀರಿನ ಮೇಲೆ ಎದುರಿನ ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. ಟೈರಿನ ಆ ನಾಲ್ಕು ಅಂಕಿ, ಬ್ರೇಕಿನ ಬಾಣ ಎಲ್ಲಿದೆ, ಹೆಡ್‌ಲೈಟು ಸ್ಲೋನಲ್ಲಿ ಮಂಕಾಗುತ್ತದೋ ಇಲ್ಲವೋ, ಈ ಮೂರು ನೋಡಿ ತಿಳಿಸಿ. ಯಾವುದು ಈ ವಾರ, ಯಾವುದು ಮುಂದಿನ ತಿಂಗಳು ಅಂತ ಹೇಳುತ್ತೇನೆ.