ಚಿಲಕ ಬೀಳದ ಬಾಗಿಲು

ಈ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬರೆದವರು ಕೊಡಗಿನ ಮಾದಾಪುರ ಕಡೆಯ ಹೆಣ್ಣುಮಗಳು, ಇಬ್ಬರು ಮಕ್ಕಳ ತಾಯಿ, ಕ್ಯಾಥೊಲಿಕ್ ಕುಟುಂಬ. ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಕಟ್ಟಿದ ಮನೆ. 2018ರ ಆಗಸ್ಟ್‌ನಲ್ಲಿ ಸುತ್ತಲಿನ ಗುಡ್ಡ ಜರಿದಾಗ ಇವರ ಮನೆ ಉಳಿಯಿತು. ಆ ರಾತ್ರಿಯೆಲ್ಲ ಅತ್ತೆ ಜಪಸರ ಹಿಡಿದು 91ನೇ ಕೀರ್ತನೆ ಹೇಳುತ್ತಾ ಕೂತಿದ್ದರಂತೆ. ಈಗ ಮಳೆ ಜೋರಾಗುವ ಮೊದಲು ಪಿರಿಯಾಪಟ್ಟಣದ ಅಕ್ಕನ ಮನೆಗೆ ಹೋಗೋಣ ಅಂದರೆ ಅತ್ತೆ ಒಪ್ಪುತ್ತಿಲ್ಲ. ದೇವರು ಕಾಪಾಡಿದ ಮನೆ ಬಿಟ್ಟು ಓಡುವುದು ಅವಿಶ್ವಾಸ ಅನ್ನುತ್ತಾರೆ. ಗಂಡ ಬಾಯಿ ಬಿಡುವುದಿಲ್ಲ. ಬೆಂಗಳೂರಿನ ಬಾವ ಫೋನ್ ಮಾಡಿ "ಅಮ್ಮನ ಪ್ರಾರ್ಥನೆ ಇದೆ, ಏನೂ ಆಗಲ್ಲ" ಅನ್ನುತ್ತಾರೆ. "ಭಯಪಡುವುದು ಪಾಪವಾ? ನನ್ನ ಪ್ರಾರ್ಥನೆಯಲ್ಲೇ ಏನೋ ಕೊರತೆಯಾ?" ಇದು ಅವರ ಪ್ರಶ್ನೆ.

ಪಾಪವಲ್ಲ ತಂಗಿ. ಆ ಮಾತು ಅಲ್ಲಿಗೆ ಬಿಡಿ.

ಪತ್ರದ ಕೊನೆಗೆ, ಮಕ್ಕಳ ಶಾಲೆ, ಹಸು ಎಲ್ಲದರ ನಡುವೆ ನೀವು ಸುಮ್ನೆ ಒಂದು ಸಾಲು ಬರೆದಿದ್ದೀರಿ. "ಏಪ್ರಿಲ್‌ನಿಂದ ಅಡುಗೆಮನೆ ಬಾಗಿಲಿಗೆ ಚಿಲಕ ಬೀಳುತ್ತಿಲ್ಲ, ಮಳೆಗೆ ಮರ ಉಬ್ಬಿರಬೇಕು ಅನ್ನುತ್ತಾರೆ ಇವರು." ಏಪ್ರಿಲ್‌ನಲ್ಲಿ ಯಾವ ಮಳೆ? ಕಾಫಿ ಹೂ ಅರಳಿಸುವ ಹೂಮಳೆ ಎರಡು ದಿನ ಬಿದ್ದಿರಬಹುದು. ಅಷ್ಟಕ್ಕೆ ಉಬ್ಬಿದ ಬಾಗಿಲು ಮೇ ಬಿಸಿಲಿಗೆ ಸರಿಹೋಗಬೇಕಿತ್ತು, ಅಲ್ವಾ? ಆ ಬಾಗಿಲು ಬರೆ ಕಡೆಯ ಗೋಡೆಯಲ್ಲಿದೆ ಅಂತಲೂ ನೀವೇ ಬರೆದಿದ್ದೀರಿ. 2018ರಲ್ಲಿ ನಾನು ಮಡಿಕೇರಿಯ ಒಂದು ಗಂಜಿ ಕೇಂದ್ರದಲ್ಲಿ ಊಟ ಬಡಿಸುತ್ತಿದ್ದೆ. ಅಲ್ಲಿದ್ದ ಒಬ್ಬ ಅಜ್ಜ ತಟ್ಟೆ ಮುಟ್ಟದೆ ಅದನ್ನೇ ಹೇಳುತ್ತಿದ್ದರು. ಬಾಗಿಲು ಕಚ್ಚುತ್ತಿತ್ತು, ಉಳಿ ತಗೊಂಡು ಚೌಕಟ್ಟು ಕೆತ್ತಿದೆ, ಎರಡೇ ದಿನಕ್ಕೆ ಮತ್ತೆ ಕಚ್ಚಿತು ಅಂತ. ಕೆತ್ತಿದ ಬೆರಳನ್ನೇ ನೋಡಿಕೊಳ್ಳುತ್ತಿದ್ದರು. ನೆಲ ಸರಿದರೆ ಗೋಡೆ ಓರೆಯಾಗುತ್ತದೆ, ಗೋಡೆ ಓರೆಯಾದರೆ ಚೌಕಟ್ಟು ಓರೆಯಾಗುತ್ತದೆ. ಬರೆಯ ಮೇಲೆಲ್ಲೋ ಬಿರುಕು ಬಿಟ್ಟಿದ್ದರೆ ನೀರು ಅದರೊಳಗೆ ಇಳಿದು ಮಣ್ಣನ್ನು ಭಾರ ಮಾಡುತ್ತದೆ, ಸಡಿಲ ಮಾಡುತ್ತದೆ. ಜುಲೈ ಮಳೆಯಲ್ಲಿ ಅಂಥ ಬರೆ ಜರಿಯಲು ಜಾಸ್ತಿ ಹೊತ್ತು ಬೇಡ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಅಂಥ ರಾತ್ರಿ ಕಳೆದವರಿಗೆ ಆ ಮನೆಯೇ ದೇವರ ಕೈ. ಸಿಟ್ಟು ಇರುವುದು ಬಾವನ ಮೇಲೆ. ಅವರಿಗೆ ಅಮ್ಮನ ಪ್ರಾರ್ಥನೆ ಮೇಲೆ ಅಷ್ಟು ನಂಬಿಕೆ ಇದ್ದರೆ ಈ ಆಗಸ್ಟ್ ತಿಂಗಳು ಬಂದು ಆ ಅಡುಗೆಮನೆಯಲ್ಲಿ ಮಲಗಲಿ. ಅಮ್ಮನನ್ನು ನಾಲ್ಕು ತಿಂಗಳು ತಮ್ಮ ಮನೆಗೆ ಕರೆಯಬೇಕಾಗುತ್ತದೆ ಅಂತ ಈ ಮಾತು ಆಡುತ್ತಿದ್ದಾರೆ. ನನಗೆ ಹಾಗೇ ಕಾಣುತ್ತದೆ.

ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ: ವಾಕ್ಯವನ್ನು ಗೋಡೆಗೆ ತೂಗುಹಾಕುವ ಮೊದಲು ಅದನ್ನು ಬೈಬಲ್‌ನಲ್ಲಿ ಯಾರು ಯಾರಿಗೆ ಹೇಳಿದರು ನೋಡಿ. ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ, ಕಾಲು ಕಲ್ಲಿಗೆ ತಗಲದು ಅನ್ನುವ 91ನೇ ಕೀರ್ತನೆಯ ಮಾತನ್ನು ಯೇಸುಸ್ವಾಮಿಗೆ ಹೇಳಿದವನು ಸೈತಾನ. ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಧುಮುಕು ಅಂದ. ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದರು. ಮತ್ತಾಯ 4ನೇ ಅಧ್ಯಾಯ. ಅದಕ್ಕೂ ಮೊದಲು, 2ನೇ ಅಧ್ಯಾಯದಲ್ಲಿ, ರಾಜ ಹೆರೋದ ಮಗು ಯೇಸುವನ್ನು ಕೊಲ್ಲಲು ಹೊರಟಾಗ ದೂತ ಬಂದು ಜೋಸೆಫರಿಗೆ ಹೇಳಿದ್ದೇನು? ಮನೆಯಲ್ಲೇ ಇರು, ಕಾಯುತ್ತೇನೆ ಅಂದನಾ? ಎದ್ದೇಳು, ಮಗುವನ್ನೂ ತಾಯಿಯನ್ನೂ ಕರಕೊಂಡು ಈಜಿಪ್ಟಿಗೆ ಓಡಿಹೋಗು ಅಂದ. ಅವರು ರಾತ್ರೋರಾತ್ರಿ ಹೊರಟರು.

ನಮ್ಮ ಕೊಡಗಿನಲ್ಲೇ ನೋಡಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟಿದ್ದರಿಂದ ಅದು ಎದ್ದಿತು. ಆ ಜನ ಸೆರೆಯಲ್ಲಿ ಪ್ರಾರ್ಥನೆ ಮಾಡದೆ ಇದ್ದರಾ? ಮಾಡಿದರು, ದಾರಿ ಸಿಕ್ಕಾಗ ಹೊರಟೂ ಬಂದರು. ಇನ್ನು 2020ರಲ್ಲಿ ಬ್ರಹ್ಮಗಿರಿ ಕುಸಿದು ತಲಕಾವೇರಿಯ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಅವರಿಗೆ ಭಕ್ತಿ ಕಡಿಮೆ ಇತ್ತು ಅನ್ನುವ ಬಾಯಿ ಯಾರಿಗಿದೆ? ಹಾಗೇ, ನಾಳೆ ನಿಮ್ಮ ಮನೆಗೆ ಏನಾದರೂ ಆದರೆ ಅದು ನಿಮ್ಮ ಪ್ರಾರ್ಥನೆಯ ಕೊರತೆಯೂ ಅಲ್ಲ.

ನೀವು ಮಾಡಬೇಕಾದ್ದು ಒಂದೇ. ಈ ಭಾನುವಾರ ಪೂಜೆ ಮುಗಿದ ಮೇಲೆ ಮನೆಗೆ ವಾಪಸ್ ಹೋಗಬೇಡಿ. ಬಟ್ಟೆಬರೆ, ಮಕ್ಕಳ ಪುಸ್ತಕ, ಜಾಗದ ಪತ್ರಗಳನ್ನು ಶನಿವಾರವೇ ಕಟ್ಟಿಡಿ. ಹಸುವನ್ನು ಕೆಳಗೆ ರಸ್ತೆ ಬದಿಯವರ ಕೊಟ್ಟಿಗೆಗೆ ಬಿಡಿ. ಅತ್ತೆಯ ಪೀಠದ ಪಟಗಳನ್ನು ನೀವು ಮುಟ್ಟಬೇಡಿ, ಅವರೇ ಬಟ್ಟೆಯಲ್ಲಿ ಸುತ್ತಲಿ. ಶನಿವಾರ ರಾತ್ರಿಯ ಪ್ರಾರ್ಥನೆಗೆ ಮತ್ತಾಯ 2ನೇ ಅಧ್ಯಾಯ ತೆರೆದು ಅವರ ಕೈಗೇ ಕೊಡಿ, ಜೋರಾಗಿ ಓದಲಿ. ಆಮೇಲೆ ಪ್ರಯಾಣಕ್ಕೆ ನೀವೇ ಪ್ರಾರ್ಥನೆ ಮಾಡಿಸಿ ಅತ್ತೆ ಅನ್ನಿ. ಅಲ್ಲೂ 91ನೇ ಕೀರ್ತನೆಯನ್ನೇ ಹೇಳಲಿ, ಅದು ಬಸ್ಸಿಗೂ ಆಗುತ್ತದೆ.

ಬಾವನಿಗೆ ಪಿರಿಯಾಪಟ್ಟಣ ತಲುಪಿದ ಮೇಲೆ ಫೋನ್ ಮಾಡಿ. ಮೊದಲು ಬೇಡ.